ಹದಿನಾರಕ್ಕೋ ಹದಿನೆಂಟಕ್ಕೋ: ಎಲ್‌ಎಲ್‌ಆರ್ ಮಾಡಿಸುವ ದಾರಿ

ಹದಿನಾರು ತುಂಬಿದವರಿಗೆ ಎಲ್‌ಎಲ್‌ಆರ್, ಅಂದರೆ ಕಲಿಕಾ ಲೈಸೆನ್ಸ್, ಸಿಗುತ್ತದೆ, ನಿಜ. ಆದರೆ ಮನೆ ಮುಂದೆ ನಿಂತಿರುವ ಸ್ಕೂಟರಿಗೆ ಅದು ನಡೆಯುವುದಿಲ್ಲ. ಪಿಯುಸಿ ಸೇರಿದ ಕೂಡಲೇ ಗಾಡಿ ಕೇಳುವ ಮಕ್ಕಳಿಗೂ, ‘ಎಲ್‌ಎಲ್‌ಆರ್ ಒಂದು ಮಾಡಿಸಿಬಿಟ್ಟರೆ ಆಯ್ತಲ್ಲ’ ಎಂದುಕೊಳ್ಳುವ ಅಪ್ಪ ಅಮ್ಮಂದಿರಿಗೂ ಮೊದಲು ಗೊತ್ತಿರಬೇಕಾದ ಮಾತು ಇದು.

1988ರ ಮೋಟಾರು ವಾಹನ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ರಸ್ತೆಯಲ್ಲಿ ಗಾಡಿ ಓಡಿಸಲು 18 ವರ್ಷ ತುಂಬಿರಬೇಕು. ಇದಕ್ಕೆ ಒಂದೇ ಒಂದು ವಿನಾಯಿತಿ: ಎಂಜಿನ್ 50 ಸಿಸಿ ಮೀರದ ದ್ವಿಚಕ್ರ ವಾಹನವನ್ನು 16 ತುಂಬಿದವರು ಓಡಿಸಬಹುದು. ಲೂನಾ, ಟಿವಿಎಸ್ 50 ಬೀದಿ ತುಂಬ ಓಡಾಡುತ್ತಿದ್ದ ಕಾಲಕ್ಕೆ ಈ ವಿನಾಯಿತಿಗೆ ಅರ್ಥವಿತ್ತು. ಈಗ ಆಕ್ಟಿವಾದ ಎಂಜಿನ್ 109 ಸಿಸಿ ದಾಟುತ್ತದೆ. ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೊರುವ ಟಿವಿಎಸ್ ಎಕ್ಸ್‌ಎಲ್ 100 ಕೂಡ 99.7 ಸಿಸಿ. ‘ಎಕ್ಸ್‌ಎಲ್ ತಾನೆ, ಸೈಕಲ್ ಇದ್ದ ಹಾಗೆ’ ಎಂದು ಹತ್ತನೇ ಕ್ಲಾಸಿನ ಹುಡುಗನ ಕೈಗೆ ಕೊಡುವವರು ಹಳ್ಳಿಗಳಲ್ಲಿ ತುಂಬ ಮಂದಿ ಇದ್ದಾರೆ. ಕಾನೂನಿನ ಮುಂದೆ ಅದೂ ಬುಲೆಟ್ಟೂ ಎರಡೂ ಮೋಟಾರ್ ಸೈಕಲ್ಲೇ. ನಿಮ್ಮ ಮನೆಯ ಗಾಡಿ ಎಷ್ಟು ಸಿಸಿ ಎಂಬುದು ಆರ್‌ಸಿಯಲ್ಲೇ, ಅಂದರೆ ನೋಂದಣಿ ಪತ್ರದಲ್ಲೇ, ಬರೆದಿರುತ್ತದೆ. ತೆಗೆದು ನೋಡಿ, ಅನುಮಾನ ಅಲ್ಲೇ ಬಗೆಹರಿಯುತ್ತದೆ.

ಎಲೆಕ್ಟ್ರಿಕ್ ಸ್ಕೂಟರಿನ ವಿಷಯದಲ್ಲೂ ಗೊಂದಲವಿದೆ. ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ಒಳಗೆ ಇರುವ ಗಾಡಿಯನ್ನು ಕೇಂದ್ರ ಮೋಟಾರು ವಾಹನ ನಿಯಮಗಳು ಮೋಟಾರು ವಾಹನವೆಂದೇ ಎಣಿಸುವುದಿಲ್ಲ. ಹಾಗಾಗಿ ಅದಕ್ಕೆ ನೋಂದಣಿಯೂ ಬೇಡ, ಲೈಸೆನ್ಸೂ ಬೇಡ. ಇದಕ್ಕಿಂತ ಮೇಲಿನದಕ್ಕೆಲ್ಲ ಲೈಸೆನ್ಸ್ ಬೇಕೇ ಬೇಕು. ‘ಇವಿಗೆ ಏನೂ ಬೇಡ ಸಾರ್’ ಎಂದು ಹೇಳಿ ಮಾರುವವರ ಮಾತು ನಂಬಬೇಡಿ. ಹಸಿರು ನಂಬರ್ ಪ್ಲೇಟ್ ಇದೆ ಎಂದರೆ ನೋಂದಣಿ ಆಗಿದೆ, ಲೈಸೆನ್ಸ್ ಬೇಕು ಎಂದೇ ಅರ್ಥ. 25ರ ಮಿತಿಯನ್ನು ತೆಗೆಸಿ ‘ಸ್ಪೀಡ್ ಮಾಡಿಸಿದ’ ಗಾಡಿಯೂ ಆ ಗಳಿಗೆಯಿಂದ ನೋಂದಣಿಯಿಲ್ಲದ, ವಿಮೆಯಿಲ್ಲದ ಮೋಟಾರು ವಾಹನ.

ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣವಿದೆ. 2019ರ ತಿದ್ದುಪಡಿಯಲ್ಲಿ 199ಎ ಎಂಬ ಸೆಕ್ಷನ್ ಬಂತು. ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ ಶಿಕ್ಷೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ: 3 ವರ್ಷದವರೆಗೆ ಜೈಲು, 25,000 ರೂ. ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಮಕ್ಕಳಿಗೆ ತಟ್ಟುವುದು ಇದಕ್ಕಿಂತ ದೊಡ್ಡದು. ಹಾಗೆ ಸಿಕ್ಕಿಬಿದ್ದವರಿಗೆ 25 ವರ್ಷ ತುಂಬುವವರೆಗೆ ಡಿಎಲ್ (ಪೂರ್ಣ ಚಾಲನಾ ಲೈಸೆನ್ಸ್) ಇರಲಿ, ಎಲ್‌ಎಲ್‌ಆರ್ ಕೂಡ ಸಿಗುವುದಿಲ್ಲ. ಟ್ಯೂಷನ್ನಿಗೆ ಎರಡು ಕಿಲೋಮೀಟರ್ ಹೋಗಿಬರಲು ಹೋಗಿ ಏಳೆಂಟು ವರ್ಷ ಕಳೆದುಕೊಂಡ ಹಾಗೆ. ಎಲ್‌ಎಲ್‌ಆರ್ ಅಥವಾ ಲೈಸೆನ್ಸ್ ಇದ್ದು, ಅದರಲ್ಲಿ ನಮೂದಾದ ವರ್ಗದ ಗಾಡಿಯನ್ನೇ ಓಡಿಸುತ್ತಿದ್ದರೆ ಪೋಷಕರಿಗೆ ಈ ಶಿಕ್ಷೆ ತಗಲುವುದಿಲ್ಲ.

ನಿಮ್ಮಲ್ಲಿ ನಿಜವಾಗಿಯೂ 50 ಸಿಸಿ ಒಳಗಿನ ಗಾಡಿ ಇದ್ದರೆ ಹದಿನಾರಕ್ಕೆ ಅರ್ಜಿ ಹಾಕಿ. 18ರ ಒಳಗಿನವರಿಗೆ ಗೇರ್ ಇಲ್ಲದ ದ್ವಿಚಕ್ರದ ಎಲ್‌ಎಲ್‌ಆರ್ ಕೊಡಲು ಪೋಷಕರ ಲಿಖಿತ ಒಪ್ಪಿಗೆ ಕಡ್ಡಾಯ. ಆರ್‌ಟಿಒ ಆಫೀಸಿಗೆ ಹೋಗುವ ದಿನ ಅಪ್ಪನನ್ನೋ ಅಮ್ಮನನ್ನೋ ಅವರ ಗುರುತಿನ ಚೀಟಿ ಸಮೇತ ಜೊತೆಗೆ ಕರೆದುಕೊಂಡೇ ಹೋಗಿ. ಬರೀ ಸಹಿ ಹಾಕಿಸಿಕೊಂಡ ಕಾಗದ ಹಿಡಿದು ಹೋದರೆ ‘ಪೋಷಕರು ಎಲ್ಲಿ’ ಎಂದು ವಾಪಸ್ ಕಳಿಸುವ ಸಂಭವವೇ ಹೆಚ್ಚು. ಹೀಗೆ ಪಡೆದ ಲೈಸೆನ್ಸ್ 18 ತುಂಬಿದ ದಿನ ತಾನಾಗಿ ದೊಡ್ಡ ಗಾಡಿಗೆ ಬದಲಾಗುವುದಿಲ್ಲ. ಗೇರ್ ಬೈಕಿಗೆ, ಕಾರಿಗೆ ಮತ್ತೆ ಎಲ್‌ಎಲ್‌ಆರ್‌ನಿಂದಲೇ ಶುರು ಮಾಡಬೇಕು.

ಉಳಿದವರೆಲ್ಲ ಹದಿನೆಂಟಕ್ಕೆ ಕಾಯುವುದೇ ಸರಿ. ಸುಮ್ಮನೆ ಕಾಯಬೇಡಿ, ಹದಿನೇಳನೆಯ ವರ್ಷದಲ್ಲಿ ಕಾಗದಪತ್ರ ಸರಿಮಾಡಿಕೊಳ್ಳಿ. ಅರ್ಜಿ ಹಾಕುವುದು ಅರ್ಧ ಗಂಟೆಯ ಕೆಲಸ. ವಾರಗಟ್ಟಲೆ ಅಲೆಸುವುದು ಆಧಾರ್.

ಹದಿನೇಳರಲ್ಲಿ ಮುಗಿಸಬೇಕಾದ ಕೆಲಸ

ಈಗ ಎಲ್‌ಎಲ್‌ಆರ್ ಅರ್ಜಿಗೆ ಎರಡು ದಾರಿ. ಆಧಾರ್ ಮೂಲಕ ಹೋದರೆ ಮನೆಯಲ್ಲೇ ಕೂತು ಅರ್ಜಿ, ಶುಲ್ಕ, ಪರೀಕ್ಷೆ ಎಲ್ಲ ಮುಗಿಸಬಹುದು. ಆಧಾರ್ ಬಳಸದಿದ್ದರೆ ಅರ್ಜಿ ಆನ್‌ಲೈನ್‌ನಲ್ಲೇ ಹಾಕಿ, ಸ್ಲಾಟ್ ತೆಗೆದುಕೊಂಡು, ಆರ್‌ಟಿಒ ಆಫೀಸಿಗೆ ಹೋಗಿ ದಾಖಲೆ ತೋರಿಸಿ ಪರೀಕ್ಷೆ ಬರೆಯಬೇಕು. ಮೊದಲನೆಯದು ಸಲೀಸು, ಆದರೆ ಹದಿಹರೆಯದವರ ಆಧಾರ್ ಮೂರು ಕಡೆ ಕೈಕೊಡುತ್ತದೆ.

ಒಂದು, ಮೊಬೈಲ್ ನಂಬರ್. ಆಧಾರ್ ಮಾಡಿಸುವಾಗ ಅಪ್ಪನ ಹಳೆಯ ಸಿಮ್ ಕೊಟ್ಟಿರುತ್ತಾರೆ, ಆ ಸಿಮ್ ಈಗ ಇರುವುದಿಲ್ಲ. ಒಟಿಪಿ ಬರದಿದ್ದರೆ ಅರ್ಜಿ ಮೊದಲ ಮೆಟ್ಟಿಲಲ್ಲೇ ನಿಲ್ಲುತ್ತದೆ. ಆಧಾರ್ ಸೇವಾ ಕೇಂದ್ರ, ಅಂಚೆ ಕಚೇರಿ ಅಥವಾ ಆಧಾರ್ ಸೇವೆಯಿರುವ ಬೆಂಗಳೂರು ಒನ್, ಕರ್ನಾಟಕ ಒನ್ ಕೇಂದ್ರಕ್ಕೆ ಹೋಗಿ ಈಗ ಬಳಸುತ್ತಿರುವ ನಂಬರ್ ಜೋಡಿಸಿ. ಇದನ್ನು ಆನ್‌ಲೈನ್‌ನಲ್ಲಿ ಮಾಡಿಕೊಡುತ್ತೇವೆ ಎಂದು ಹೇಳುವ ಯಾವುದೋ ವೆಬ್‌ಸೈಟಿಗೆ ದುಡ್ಡು ಕಟ್ಟಬೇಡಿ.

ಎರಡು, ಫೋಟೊ. ಮನೆಯಿಂದಲೇ ಪರೀಕ್ಷೆ ಬರೆಯುವಾಗ ಕ್ಯಾಮೆರಾ ನಿಮ್ಮ ಮುಖವನ್ನು ಆಧಾರ್‌ನಲ್ಲಿರುವ ಮುಖದ ಜೊತೆ ಹೋಲಿಸಿ ನೋಡುತ್ತದೆ. ಆಧಾರ್‌ನಲ್ಲಿರುವುದು ಏಳು ವರ್ಷದ, ಹಲ್ಲು ಬಿದ್ದ ಮಗುವಿನ ಫೋಟೊ. ಮೀಸೆ ಚಿಗುರಿದ ಮುಖಕ್ಕೂ ಅದಕ್ಕೂ ತಾಳೆಯಾಗುವುದು ಕಷ್ಟ. 15 ತುಂಬಿದ ಮೇಲೆ ಬೆರಳಚ್ಚು, ಕಣ್ಣು, ಫೋಟೊ ಹೊಸದಾಗಿ ಕೊಡುವುದು ಹೇಗೂ ಕಡ್ಡಾಯ. ಎಸ್‌ಎಸ್‌ಎಲ್‌ಸಿ ಗಡಿಬಿಡಿಯಲ್ಲಿ ಅದನ್ನು ಬಿಟ್ಟವರು ಈಗ ಮಾಡಿಸಿ. ಆರ್‌ಟಿಒ ಕೆಲಸವೊಂದಕ್ಕೇ ಅಲ್ಲ, ಮುಂದೆ ಸಿಇಟಿಗೂ ಸ್ಕಾಲರ್‌ಶಿಪ್ಪಿಗೂ ಅದೇ ಆಧಾರ್ ಬೇಕು.

ಮೂರು, ಹೆಸರು ಮತ್ತು ಹುಟ್ಟಿದ ದಿನಾಂಕ. ನಮ್ಮಲ್ಲಿ ಇನಿಶಿಯಲ್ಲಿನ ಕಾಟ ದೊಡ್ಡದು. ಮಾರ್ಕ್ಸ್ ಕಾರ್ಡಿನಲ್ಲಿ ‘ಚೇತನ್ ಕೆ ಎಸ್’, ಆಧಾರ್‌ನಲ್ಲಿ ‘ಕೆ ಎಸ್ ಚೇತನ್’, ಜನನ ಪ್ರಮಾಣಪತ್ರದಲ್ಲಿ ಬರೀ ‘ಚೇತನ್’. ಆಧಾರ್ ದಾರಿಯಲ್ಲಿ ಹೋದರೆ ಆಧಾರ್‌ನಲ್ಲಿದ್ದ ಹೆಸರೇ ಎಲ್‌ಎಲ್‌ಆರ್‌ಗೆ ಇಳಿಯುತ್ತದೆ, ಅಲ್ಲಿಂದ ಡಿಎಲ್‌ಗೂ ಹೋಗುತ್ತದೆ. ಹಾಗಾಗಿ ಮೊದಲು ಆಧಾರ್ ಅನ್ನು ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿಗೆ ಹೊಂದಿಸಿ. ಆಧಾರ್‌ನಲ್ಲಿ ಹೆಸರು ತಿದ್ದಲು ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ತಿದ್ದುಪಡಿ ಅರ್ಜಿಯ ಪ್ರತಿ ಅಕ್ಷರವನ್ನು ಬೆರಳಿಟ್ಟು ಓದಿ ಸಹಿ ಮಾಡಿ. ಶಾಲೆಗೆ ಸೇರಿಸುವಾಗ ಜೂನ್ ಒಂದಕ್ಕೆ ಸರಿಹೊಂದಲೆಂದು ದಿನಾಂಕ ಹಿಂದೆಮುಂದೆ ಬರೆಸಿದ್ದರೆ, ಎಲ್ಲ ದಾಖಲೆಗೂ ಯಾವ ದಿನಾಂಕ ಇರಬೇಕು ಎಂಬುದನ್ನು ಮನೆಯವರು ಕೂತು ಈಗಲೇ ತೀರ್ಮಾನಿಸಬೇಕು.

ಇದರ ಜೊತೆಗೆ ರಕ್ತದ ಗುಂಪು. ಅರ್ಜಿಯಲ್ಲಿ ಕೇಳುತ್ತಾರೆ. ಊಹಿಸಿ ಬರೆಯಬೇಡಿ, ಹತ್ತಿರದ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ಅಪಘಾತವಾದಾಗ ಜೇಬಿನಲ್ಲಿ ಸಿಗುವ ಕಾರ್ಡಿನಲ್ಲಿ ತಪ್ಪು ಗುಂಪು ಇರಬಾರದು.

ಕಣ್ಣು ನೋಡಿಕೊಳ್ಳುವುದೂ ಈಗಲೇ ಆಗಲಿ. ಫಾರಂ 1 ಎಂಬುದು ನಿಮ್ಮ ಆರೋಗ್ಯದ ಬಗ್ಗೆ ನೀವೇ ಕೊಡುವ ಹೇಳಿಕೆ. ಮೂರ್ಛೆ ರೋಗ ಇದೆಯೇ, ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುತ್ತದೆಯೇ, ಇರುಳುಗಣ್ಣು ಇದೆಯೇ, ಹಾರ್ನ್ ಶಬ್ದ ಕೇಳಿಸುತ್ತದೆಯೇ ಎಂದೆಲ್ಲ ಅದರಲ್ಲಿ ಇರುತ್ತದೆ. ಹಗಲಿನ ಒಳ್ಳೆಯ ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಒಂದೊಂದು ಕಣ್ಣಿಗೂ ಕಾಣಬೇಕು ಎಂಬುದು ಅದರಲ್ಲಿನ ಒಂದು ಪ್ರಶ್ನೆ. ಹೆಚ್ಚಿನವರು ಓದದೆಯೇ ‘ಹೌದು’ ಒತ್ತುತ್ತಾರೆ. ಬೀದಿಯಲ್ಲಿ ನಿಂತ ಕಾರಿನಿಂದ ಸಾಮಾನ್ಯ ನಡಿಗೆಯ 33 ಹೆಜ್ಜೆ ಹಿಂದಕ್ಕೆ ಬನ್ನಿ, ಸುಮಾರು 25 ಮೀಟರ್ ಆಗುತ್ತದೆ. ಬಲಗಣ್ಣು ಮುಚ್ಚಿ ನಂಬರ್ ಓದಿ, ಆಮೇಲೆ ಎಡಗಣ್ಣು ಮುಚ್ಚಿ ಓದಿ. ಒಂದು ಕಣ್ಣಿಗೆ 3ಕ್ಕೂ 8ಕ್ಕೂ ವ್ಯತ್ಯಾಸ ತಿಳಿಯದಿದ್ದರೆ ಕಣ್ಣಿನ ಡಾಕ್ಟರ ಹತ್ತಿರ ಹೋಗುವುದು ಮೊದಲ ಕೆಲಸ. ಕನ್ನಡಕ ಹಾಕಿ ಓದಿದರೂ ನಡೆಯುತ್ತದೆ, ಆದರೆ ಗಾಡಿ ಓಡಿಸುವಾಗಲೂ ಆ ಕನ್ನಡಕ ಹಾಕಲೇಬೇಕು. ಮೂರ್ಛೆ ರೋಗ ಇರುವುದನ್ನು ಮುಚ್ಚಿಡುವುದಂತೂ ದಯವಿಟ್ಟು ಬೇಡ. ಖಾಸಗಿ ವಾಹನಕ್ಕೆ, 40 ವರ್ಷದೊಳಗಿನವರಿಗೆ ಡಾಕ್ಟರ್ ಸರ್ಟಿಫಿಕೇಟ್ ಕೇಳುವುದಿಲ್ಲ ಎಂದರೆ ನಿಮ್ಮ ಮಾತನ್ನೇ ನಂಬಿದ್ದಾರೆ ಎಂದರ್ಥ.

ಯಾವ ವರ್ಗ ಆರಿಸುವುದು

ಪೋರ್ಟಲ್‌ನಲ್ಲಿ ಖಾಸಗಿ ಬಳಕೆಗೆ ಮುಖ್ಯವಾಗಿ ಮೂರು: ಗೇರ್ ಇಲ್ಲದ ದ್ವಿಚಕ್ರ, ಗೇರ್ ಇರುವ ದ್ವಿಚಕ್ರ, ಲಘು ಮೋಟಾರು ವಾಹನ ಅಂದರೆ ಕಾರು. ಗೇರ್ ಇರುವುದಕ್ಕೆ ಲೈಸೆನ್ಸ್ ಪಡೆದವರು ಸ್ಕೂಟರನ್ನೂ ಓಡಿಸಬಹುದು, ಸ್ಕೂಟರಿನದು ಇರುವವರು ಬೈಕ್ ಮುಟ್ಟುವಂತಿಲ್ಲ. ಹಾಗೆಂದು ಎಲ್ಲರೂ ಗೇರ್ ವರ್ಗವನ್ನೇ ಆರಿಸಬೇಕಿಲ್ಲ. ಡಿಎಲ್ ಟೆಸ್ಟಿಗೆ ಅದೇ ವರ್ಗದ ಗಾಡಿ ತರಬೇಕು. ಮನೆಯಲ್ಲಿ ಸ್ಕೂಟರ್ ಮಾತ್ರ ಇದ್ದು, ಗೇರ್ ವರ್ಗಕ್ಕೆ ಅರ್ಜಿ ಹಾಕಿ, ಟೆಸ್ಟಿನ ಹಿಂದಿನ ದಿನ ಯಾರದ್ದೋ ಬೈಕ್ ಕೇಳಿ ತಂದು 8ರ ಆಕಾರದಲ್ಲಿ ಓಡಿಸಲು ಹೋದರೆ ಕಾಲು ಕೆಳಗಿಡುವುದು ಖಚಿತ. ಎಲ್‌ಎಲ್‌ಆರ್ ಚಾಲ್ತಿಯಲ್ಲಿರುವ ಆರು ತಿಂಗಳೊಳಗೆ ದಿನವೂ ಅಭ್ಯಾಸಕ್ಕೆ ಯಾವ ಗಾಡಿ ಕೈಗೆ ಸಿಗುತ್ತದೋ ಅದನ್ನೇ ಆರಿಸಿ. ಬೈಕ್ ಮತ್ತು ಕಾರು ಎರಡಕ್ಕೂ ಒಂದೇ ಅರ್ಜಿ ಸಾಕು.

ಕೇಂದ್ರ ನಿಯಮದ ಶುಲ್ಕ ಹೀಗಿದೆ: ಒಂದೊಂದು ವರ್ಗಕ್ಕೆ 150 ರೂ., ಪರೀಕ್ಷೆಗೆ 50 ರೂ. ಒಂದು ವರ್ಗಕ್ಕೆ 200, ಎರಡಕ್ಕೆ 350. ಸೇವಾ ಶುಲ್ಕ ಸೇರಿದರೆ ಪಾವತಿ ಪುಟದಲ್ಲಿ ತುಸು ಹೆಚ್ಚು ಕಾಣಬಹುದು. ಸಾವಿರಗಟ್ಟಲೆ ಕೇಳಿದರೆ ಅದು ಏಜೆಂಟರ ಲೆಕ್ಕ, ಸರ್ಕಾರದ್ದಲ್ಲ.

ಅರ್ಜಿ ತುಂಬುವಾಗ

ಜಾಲತಾಣ ಒಂದೇ: ಸಾರಥಿ ಡಾಟ್ ಪರಿವಾಹನ್ ಡಾಟ್ ಗವ್ ಡಾಟ್ ಇನ್. ಹೆಸರಲ್ಲಿ ‘ಆರ್‌ಟಿಒ’, ‘ಲೈಸೆನ್ಸ್’ ಎಂದಿರುವ ಖಾಸಗಿ ಪುಟಗಳು ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬರುತ್ತವೆ. ವಿಳಾಸದ ಕೊನೆಯಲ್ಲಿ ‘ಗವ್ ಡಾಟ್ ಇನ್’ ಇಲ್ಲದಿದ್ದರೆ ಮುಚ್ಚಿಬಿಡಿ.

ಕರ್ನಾಟಕ ಆರಿಸಿ, ಕಲಿಕಾ ಲೈಸೆನ್ಸಿಗೆ ಅರ್ಜಿ ಎಂಬಲ್ಲಿ ಒತ್ತಿ, ಈ ಮೊದಲು ಯಾವ ಲೈಸೆನ್ಸೂ ಇಲ್ಲ ಎಂದು ತಿಳಿಸಿ. ಆಧಾರ್ ಒಟಿಪಿ ಕೊಟ್ಟ ಮೇಲೆ ಹೆಸರು, ವಿಳಾಸ ತಾವಾಗಿಯೇ ಬರುತ್ತವೆ. ಉಳಿದದ್ದನ್ನು ನೀವು ತುಂಬಬೇಕು: ತಂದೆ ಅಥವಾ ತಾಯಿಯ ಹೆಸರು, ವಿದ್ಯಾರ್ಹತೆ, ರಕ್ತದ ಗುಂಪು, ಗುರುತಿನ ಮಚ್ಚೆ, ತುರ್ತಿಗೆ ಒಂದು ಫೋನ್ ನಂಬರ್. ಅಂಗಾಂಗ ದಾನಕ್ಕೆ ಒಪ್ಪಿಗೆಯೇ ಎಂಬ ಪ್ರಶ್ನೆಯೂ ಇದೆ. ಅದು ನಿಮ್ಮ ಇಷ್ಟ, ಮನೆಯಲ್ಲಿ ಮಾತಾಡಿ ಉತ್ತರಿಸಿ.

ಅರ್ಜಿ ಹಾಕುವ ದಿನಕ್ಕೆ ವಯಸ್ಸು ಪೂರ್ತಿ ತುಂಬಿರಬೇಕು. ಆರ್‌ಟಿಒ ಆರಿಸುವಾಗ ಸ್ವಲ್ಪ ಮುಂದಾಲೋಚನೆ ಇರಲಿ. ಊರು ಶಿವಮೊಗ್ಗ, ಓದು ಮಂಗಳೂರಿನ ಹಾಸ್ಟೆಲ್‌ನಲ್ಲಿ ಎಂದರೆ ಡಿಎಲ್ ಟೆಸ್ಟ್ ಕೊಡುವಾಗ ಎಲ್ಲಿರುತ್ತೀರಿ, ಗಾಡಿ ಎಲ್ಲಿರುತ್ತದೆ? 2019ರ ತಿದ್ದುಪಡಿಯ ನಂತರ ರಾಜ್ಯದ ಯಾವುದೇ ಪರವಾನಗಿ ಪ್ರಾಧಿಕಾರಕ್ಕೆ ಅರ್ಜಿ ಹಾಕಲು ಕಾಯ್ದೆಯಲ್ಲಿ ಅವಕಾಶವಿದೆ. ಆದರೂ ರಜೆಗೆ ಮನೆಗೆ ಬಂದಾಗ, ಮನೆಯವರ ಗಾಡಿಯಲ್ಲಿ, ಊರಿನ ಆರ್‌ಟಿಒದಲ್ಲೇ ಮುಗಿಸುವುದು ಹೆಚ್ಚಿನವರಿಗೆ ಸುಲಭ.

ಆಧಾರ್ ಬಳಸದವರು ಫೋಟೊ, ಸಹಿಯನ್ನು ಅಪ್‌ಲೋಡ್ ಮಾಡಬೇಕು. ಎರಡೂ 10ರಿಂದ 20 ಕೆಬಿ ಒಳಗಿರಬೇಕು. ಮೊಬೈಲಿನಲ್ಲಿ ತೆಗೆದ ಫೋಟೊ ಎರಡು ಮೂರು ಎಂಬಿ ಇರುತ್ತದೆ, ಅದನ್ನು ಹಾಗೇ ಹಾಕಿ ‘ಸೈಟ್ ಕೆಲಸ ಮಾಡ್ತಿಲ್ಲ’ ಎಂದುಕೊಳ್ಳುತ್ತಾರೆ. ವಯಸ್ಸಿಗೆ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಅಥವಾ ಜನನ ಪ್ರಮಾಣಪತ್ರ ಕೊಡಿ, ಪಾಸ್‌ಪೋರ್ಟ್ ಇದ್ದರೆ ವಿಳಾಸಕ್ಕೂ ಅದೇ ಆಗುತ್ತದೆ. ಮೂಲ ದಾಖಲೆಗಳನ್ನು ಆಫೀಸಿಗೆ ಒಯ್ಯಿರಿ.

ಅರ್ಜಿ ಸಂಖ್ಯೆ ಬಂದ ಕೂಡಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ದುಡ್ಡು ಕಡಿತವಾಗಿ ರಸೀದಿ ಬರದಿದ್ದರೆ ಗಾಬರಿಯಾಗಿ ಎರಡನೇ ಸಲ ಕಟ್ಟಬೇಡಿ. ಪಾವತಿ ಸ್ಥಿತಿ ಪರಿಶೀಲಿಸುವ ಆಯ್ಕೆ ಅಲ್ಲೇ ಇದೆ, ಅರ್ಜಿ ಸಂಖ್ಯೆ ಹಾಕಿ ನೋಡಿ.

ಪರೀಕ್ಷೆ

ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಕೊಟ್ಟ ಉತ್ತರಗಳಲ್ಲಿ ಸರಿಯಾದದ್ದನ್ನು ಆರಿಸುವುದು, ಪಾಸಾಗಲು ಶೇ. 60 ಸರಿ ಇರಬೇಕು. ಪ್ರತಿ ಪ್ರಶ್ನೆಗೂ ಸಮಯದ ಮಿತಿ ಇದೆ, ಮುಗಿದರೆ ಮುಂದಿನದು ತಾನೇ ಬರುತ್ತದೆ. ಮನೆಯಿಂದ ಬರೆಯುವವರು ಮೊದಲು ರಸ್ತೆ ಸುರಕ್ಷತೆಯ ವಿಡಿಯೊ ಪೂರ್ತಿ ನೋಡಬೇಕು, ಆಮೇಲೆ ಎಸ್‌ಎಂಎಸ್‌ನಲ್ಲಿ ಬಂದ ಪಾಸ್‌ವರ್ಡ್ ಹಾಕಿ ಪರೀಕ್ಷೆ ತೆರೆಯಬೇಕು. ಮುಖಕ್ಕೆ ಎದುರಿನಿಂದ ಬೆಳಕು ಬೀಳಲಿ, ಬೆನ್ನ ಹಿಂದೆ ಕಿಟಕಿ ಇದ್ದರೆ ಮುಖ ಕಪ್ಪಾಗಿ ಕ್ಯಾಮೆರಾ ಗುರುತಿಸುವುದಿಲ್ಲ. ಹಿಂದಿನಿಂದ ತಮ್ಮನೋ ತಂಗಿಯೋ ಇಣುಕಿದರೂ ಎರಡನೇ ಮುಖ ಕಂಡು ಪರೀಕ್ಷೆ ನಿಲ್ಲಬಹುದು. ಬಾಗಿಲು ಹಾಕಿಕೊಳ್ಳಿ.

ಪೋರ್ಟಲ್‌ನಲ್ಲೇ ಮಾಕ್ ಟೆಸ್ಟ್ ಇದೆ. ಐದಾರು ಸಲ ಮಾಡಿ. ಕನ್ನಡ ಪ್ರಶ್ನೆಗಳ ವಾಕ್ಯಗಳು ಕೆಲವು ಕಡೆ ಬಿಗಿಯಾಗಿವೆ, ಮೊದಲ ಸಲ ಓದಿದಾಗ ಅರ್ಥವಾಗುವಷ್ಟರಲ್ಲಿ ಸಮಯ ಮುಗಿಯುತ್ತದೆ. ಆ ಭಾಷೆಗೆ ಕಣ್ಣು ಒಗ್ಗಲೆಂದೇ ಈ ಅಭ್ಯಾಸ.

ಚಿಹ್ನೆಗಳನ್ನು ಒಂದೊಂದಾಗಿ ಬಾಯಿಪಾಠ ಮಾಡಬೇಡಿ, ಆಕಾರ ಹಿಡಿದುಕೊಳ್ಳಿ. ಕೆಂಪು ಅಂಚಿನ ದುಂಡು ‘ಮಾಡಬೇಡ’ ಎನ್ನುತ್ತದೆ ಅಥವಾ ಮಿತಿ ಹೇಳುತ್ತದೆ. ನೀಲಿ ದುಂಡು ‘ಹೀಗೇ ಮಾಡು’ ಎನ್ನುತ್ತದೆ. ಕೆಂಪು ಅಂಚಿನ ತ್ರಿಕೋನ ಎಚ್ಚರಿಕೆ, ನೀಲಿ ಚೌಕ ಮಾಹಿತಿ. ಇದು ತಲೆಯಲ್ಲಿದ್ದರೆ ಬಲಕ್ಕೆ ಬಾಗಿದ ಒಂದೇ ಬಾಣದ ಮೂರು ಚಿತ್ರ ಬಂದರೂ ತೊಡರುವುದಿಲ್ಲ: ತ್ರಿಕೋನದೊಳಗಿದ್ದರೆ ಮುಂದೆ ಬಲ ತಿರುವು ಇದೆ, ಕೆಂಪು ದುಂಡಿನಲ್ಲಿ ಅಡ್ಡಗೆರೆ ಇದ್ದರೆ ಬಲಕ್ಕೆ ತಿರುಗುವಂತಿಲ್ಲ, ನೀಲಿ ದುಂಡಿನಲ್ಲಿದ್ದರೆ ಬಲಕ್ಕೇ ತಿರುಗಬೇಕು. ಆಕಾರದಲ್ಲಿ ಎಲ್ಲರಿಂದ ಬೇರೆಯಾಗಿ ನಿಲ್ಲುವವು ಎರಡು. ಎಂಟು ಮೂಲೆಯದು ‘ನಿಲ್ಲು’, ತಲೆಕೆಳಗಾದ ತ್ರಿಕೋನ ‘ದಾರಿ ಬಿಡು’. ಹಿಮ್ಮೊಗವಾಗಿ ನಿಂತಿದ್ದರೂ, ಕೆಸರು ಮೆತ್ತಿದ್ದರೂ ಗುರುತು ಸಿಗಲೆಂದೇ ಇವಕ್ಕೆ ಬೇರೆ ಆಕಾರ ಕೊಟ್ಟಿದ್ದಾರೆ.

ಹೆಚ್ಚು ಜನ ಎಡವುವ ಜೋಡಿ ಇನ್ನೊಂದಿದೆ. ನೀಲಿ ಹಿನ್ನೆಲೆಯ ಕೆಂಪು ದುಂಡಿನಲ್ಲಿ ಒಂದೇ ಓರೆಗೆರೆ ಇದ್ದರೆ ಪಾರ್ಕಿಂಗ್ ನಿಷೇಧ. ಎರಡು ಗೆರೆ ಅಡ್ಡಹಾಯ್ದು ಗುಣಾಕಾರದ ಗುರುತಿನಂತಿದ್ದರೆ ಗಾಡಿ ನಿಲ್ಲಿಸುವಂತೆಯೇ ಇಲ್ಲ, ಯಾರನ್ನಾದರೂ ಇಳಿಸಲೂ ಇಲ್ಲ.

ನಿಯಮಗಳಲ್ಲಿ ಇವು ಬಂದೇ ಬರುವಂಥವು. ವೃತ್ತದಲ್ಲಿ ಬಲಗಡೆಯಿಂದ ಬರುವ ಗಾಡಿಗೆ ದಾರಿ. ಕಡಿದಾದ ಘಟ್ಟದಲ್ಲಿ ಏರುತ್ತಿರುವ ಗಾಡಿಗೆ ದಾರಿ, ಏಕೆಂದರೆ ಏರಿನಲ್ಲಿ ನಿಂತರೆ ಮತ್ತೆ ಎಳೆಯುವುದು ಕಷ್ಟ. ಓವರ್‌ಟೇಕ್ ಬಲದಿಂದಲೇ; ಮುಂದಿನವರು ಬಲಕ್ಕೆ ತಿರುಗುವ ಸೂಚನೆ ಕೊಟ್ಟು ರಸ್ತೆ ಮಧ್ಯಕ್ಕೆ ಸರಿದಿದ್ದರೆ ಮಾತ್ರ ಎಡದಿಂದ. ಮಿನುಗುವ ಕೆಂಪು ದೀಪಕ್ಕೆ ನಿಂತು, ರಸ್ತೆ ತೆರವಿದ್ದರೆ ಹೋಗಬೇಕು. ಮಿನುಗುವ ಹಳದಿಗೆ ನಿಧಾನಿಸಿ ಎಚ್ಚರದಿಂದ ದಾಟಬೇಕು. ಕಾವಲಿಲ್ಲದ ರೈಲ್ವೆ ಗೇಟಿನಲ್ಲಿ ಗಾಡಿ ನಿಲ್ಲಿಸಿ, ಇಳಿದು ಹಳಿಯವರೆಗೆ ನಡೆದು, ಎರಡೂ ಕಡೆ ರೈಲು ಬರುತ್ತಿಲ್ಲವೆಂದು ನೋಡಿಯೇ ದಾಟಬೇಕು. ಬಿಳಿ ಕೋಲು ಹಿಡಿದ ಅಂಧರು ರಸ್ತೆ ದಾಟುತ್ತಿದ್ದರೆ ಆ ಕೋಲನ್ನೇ ನಿಲ್ಲುವ ಸೂಚನೆ ಎಂದು ಎಣಿಸಬೇಕು. ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ಪಾದಚಾರಿಗಳು ಬಲಬದಿಯಲ್ಲಿ ನಡೆಯಬೇಕು, ಎದುರಿನ ಗಾಡಿ ಕಾಣಲೆಂದು. ಮದ್ಯದ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಅಪಘಾತದಲ್ಲಿ ಗಾಯವಾದರೆ ಮೊದಲು ಆಸ್ಪತ್ರೆ, ಪೊಲೀಸರಿಗೆ ಹೇಳುವುದು ಸಾಧ್ಯವಾದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ.

ಫೇಲಾದರೆ ಆಕಾಶ ಬೀಳುವುದಿಲ್ಲ, 50 ರೂ. ಕಟ್ಟಿ ಮತ್ತೆ ಬರೆಯಬಹುದು. ‘ನೀನು ಕೂರೋದೇ ಬೇಡ, ನಾವೇ ಬರೆದು ಕೊಡ್ತೀವಿ’ ಎನ್ನುವವರಿಗೆ ಮಾತ್ರ ಬಲಿಯಾಗಬೇಡಿ. ಅಲ್ಲಿ ಕೇಳುವ ರೈಲ್ವೆ ಗೇಟು ನಾಳೆ ನಿಮ್ಮ ಎದುರಿಗೇ ಬರುತ್ತದೆ.

ಕೈಗೆ ಬಂದ ಮೇಲೆ

ಪಾಸಾದರೆ ಫಾರಂ 3, ಅಂದರೆ ಎಲ್‌ಎಲ್‌ಆರ್, ಪೋರ್ಟಲ್‌ನಲ್ಲೇ ಸಿಗುತ್ತದೆ. ಪ್ರಿಂಟ್ ತೆಗೆದಿಡಿ. ಆರು ತಿಂಗಳು ಚಾಲ್ತಿ, ಇಡೀ ದೇಶಕ್ಕೆ ನಡೆಯುತ್ತದೆ. ಒಂಟಿಯಾಗಿ ಓಡಾಡಲು ಮಾತ್ರ ಅದು ಅನುಮತಿಯಲ್ಲ. ಕೇಂದ್ರ ನಿಯಮಗಳ 3ನೇ ನಿಯಮ ಮೂರು ಷರತ್ತು ಹಾಕುತ್ತದೆ: ಎಲ್‌ಎಲ್‌ಆರ್ ಚಾಲ್ತಿಯಲ್ಲಿರಬೇಕು, ಆ ವರ್ಗದ ಲೈಸೆನ್ಸ್ ಇರುವವರು, ಗಾಡಿಯನ್ನು ಹಿಡಿತಕ್ಕೆ ತರಬಲ್ಲ ಜಾಗದಲ್ಲಿ ಜೊತೆಗೆ ಕೂತಿರಬೇಕು, ಮುಂದೆ ಹಿಂದೆ ಎಲ್ ಬೋರ್ಡ್ ಇರಬೇಕು. ದ್ವಿಚಕ್ರದಲ್ಲಿ ಕಲಿಸುವವರ ಹೊರತು ಬೇರೆ ಯಾರನ್ನೂ ಹಿಂದೆ ಕೂರಿಸುವಂತಿಲ್ಲ. ಇಬ್ಬರು ಗೆಳೆಯರು, ಇಬ್ಬರ ಜೇಬಲ್ಲೂ ಎಲ್‌ಎಲ್‌ಆರ್ ಇದೆ ಎಂದರೆ ಲೈಸೆನ್ಸ್ ಇರುವವರು ಯಾರೂ ಇಲ್ಲ ಎಂದೇ ಲೆಕ್ಕ.

ಇದನ್ನು ಪೊಲೀಸರ ಭಯಕ್ಕಿಂತ ಹೆಚ್ಚಾಗಿ ವಿಮೆಯ ಕಾರಣಕ್ಕೆ ಪಾಲಿಸಬೇಕು. ಮನೆಯ ಗಾಡಿಯ ಪಾಲಿಸಿ ತೆಗೆದು ‘ಚಾಲಕ’ ಎಂಬ ಷರತ್ತು ಓದಿ. ಎಲ್‌ಎಲ್‌ಆರ್ ಇರುವವರೂ ಓಡಿಸಬಹುದು, ಆದರೆ 3ನೇ ನಿಯಮ ಪಾಲಿಸಿರಬೇಕು ಎಂದು ಅದರಲ್ಲಿ ಬರೆದಿರುತ್ತದೆ. ಎಲ್ ಬೋರ್ಡ್ ಇಲ್ಲದೆ, ಒಬ್ಬರೇ ಹೋಗಿ ಯಾರಿಗಾದರೂ ಗುದ್ದಿದರೆ ಕಂಪನಿ ಆ ಸಾಲಿಗೇ ಬೆರಳಿಡುತ್ತದೆ. ಆಸ್ಪತ್ರೆಯ ಬಿಲ್ಲು, ಪರಿಹಾರ ಎಲ್ಲ ಮನೆಯ ಮೇಲೆ ಬೀಳಬಹುದು.

ಎಲ್ ಬೋರ್ಡಿಗೂ ಅಳತೆ ಇದೆ. ಬಿಳಿ ಹಿನ್ನೆಲೆ ಕನಿಷ್ಠ 18 ಸೆಂ.ಮೀ. ಚೌಕ. ಅದರ ಮೇಲೆ ಕೆಂಪು ಎಲ್: ಎತ್ತರ 10, ತಳದ ಅಗಲ 9, ದಪ್ಪ 2 ಸೆಂ.ಮೀ. ಎ4 ಹಾಳೆಯ ಅಗಲ 21 ಸೆಂ.ಮೀ., ಚೌಕ ಅದರಲ್ಲೇ ಆಗುತ್ತದೆ. ಎಲೆಕ್ಟ್ರಿಷಿಯನ್ನರ ಕೆಂಪು ಟೇಪ್ ಸಾಮಾನ್ಯವಾಗಿ 2 ಸೆಂ.ಮೀ.ಗಿಂತ ಸ್ವಲ್ಪ ಕಿರಿದು, ಒಂದೇ ಪಟ್ಟಿ ಸಾಲದು. ಎರಡನ್ನು ತುಸು ಒಂದರ ಮೇಲೊಂದು ಬರುವಂತೆ ಅಂಟಿಸಿ. ಲ್ಯಾಮಿನೇಷನ್ ಮಾಡಿಸಿದರೆ ಮಳೆಗಾಲಕ್ಕೂ ಆಗುತ್ತದೆ. ನಂಬರ್ ಪ್ಲೇಟ್, ಹೆಡ್‌ಲೈಟ್, ಇಂಡಿಕೇಟರ್ ಮುಚ್ಚದ ಹಾಗೆ ಕಟ್ಟಿ.

ಮೊದಲ ದಿನಗಳಲ್ಲಿ ಸ್ಕೂಟರಿನಲ್ಲಿ ಆಗುವ ತಪ್ಪು ಹೆಚ್ಚಾಗಿ ಒಂದೇ. ಗಾಡಿ ಗಕ್ಕನೆ ಮುಂದಕ್ಕೆ ಚಿಮ್ಮಿದಾಗ ಮೈ ಹಿಂದಕ್ಕೆ ವಾಲುತ್ತದೆ, ಬೀಳದಿರಲು ಕೈ ಹ್ಯಾಂಡಲನ್ನು ಬಿಗಿಯಾಗಿ ಎಳೆಯುತ್ತದೆ, ಆ ಎಳೆತಕ್ಕೆ ಆಕ್ಸಿಲರೇಟರ್ ಇನ್ನಷ್ಟು ತಿರುಗುತ್ತದೆ. ಗಾಡಿ ಗೋಡೆಗೆ ಹೋಗುವುದು ಹೀಗೆ. ಅದಕ್ಕೇ ಮೊದಲ ದಿನ ಎಂಜಿನ್ ಶುರು ಮಾಡದೆ, ತುಸು ಇಳಿಜಾರಿನ ಮೈದಾನದಲ್ಲಿ ಗಾಡಿಯನ್ನು ಉರುಳಲು ಬಿಟ್ಟು ಬರೀ ಬ್ರೇಕ್ ಹಿಡಿಯುವುದನ್ನು ಕಲಿಯಿರಿ. ಎರಡನೇ ದಿನ ಎಂಜಿನ್ ಹಾಕಿ, ಮಣಿಕಟ್ಟು ಹ್ಯಾಂಡಲಿಗಿಂತ ಕೆಳಗಿರುವಂತೆ ಹಿಡಿಯಿರಿ. ಹಾಗೆ ಹಿಡಿದರೆ ಗಾಬರಿಯಲ್ಲೂ ಕೈ ಹೆಚ್ಚು ತಿರುಚಲು ಆಗುವುದಿಲ್ಲ. ಮೈದಾನದಲ್ಲೂ ಹೆಲ್ಮೆಟ್ ಇರಲಿ, ಹಿಂದೆ ಕೂತು ಕಲಿಸುವ ಅಕ್ಕನಿಗೋ ಮಾವನಿಗೋ ಕೂಡ.

ಕಾರನ್ನು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಯುವುದು ಒಳ್ಳೆಯದು, ಪಕ್ಕದವರ ಕಾಲಿಗೂ ಬ್ರೇಕ್ ಸಿಗುತ್ತದೆ. ಖಾಸಗಿ ಕಾರಿನ ತರಬೇತಿ ಕನಿಷ್ಠ 21 ದಿನ, ನಿಜವಾಗಿ ಓಡಿಸುವ ಹೊತ್ತು ಕನಿಷ್ಠ 10 ಗಂಟೆ ಎಂದು ನಿಯಮವಿದೆ. ಒಂದು ಕಾರಿನಲ್ಲಿ ಮೂವರನ್ನು ಕೂರಿಸಿ ಸರದಿ ಮೇಲೆ ಕಾಲು ಗಂಟೆ ಕೊಟ್ಟರೆ ಆ 10 ಗಂಟೆ ತುಂಬುವುದಿಲ್ಲ. ದಿನಾಂಕ, ನಿಮಿಷ ಬರೆದಿಟ್ಟುಕೊಂಡು ಕೇಳಿ.

ಡಿಎಲ್‌ಗೆ ಯಾವಾಗ

ಎಲ್‌ಎಲ್‌ಆರ್ ಆಗಿ 30 ದಿನ ಕಳೆಯದೆ ಡಿಎಲ್ ಟೆಸ್ಟ್ ಇಲ್ಲ. 180 ದಿನ ಮುಗಿದರೆ ಎಲ್‌ಎಲ್‌ಆರ್ ಹೋಯಿತು, ಶುಲ್ಕ ಕಟ್ಟಿ ಹೊಸದಾಗಿ ಮಾಡಿಸಬೇಕು. ಹದಿಹರೆಯದವರಿಗೆ ಇದು ತಪ್ಪುವುದು ಹೆಚ್ಚಾಗಿ ಪರೀಕ್ಷೆಗಳಿಂದ. ನವೆಂಬರಿನಲ್ಲಿ ಎಲ್‌ಎಲ್‌ಆರ್ ತೆಗೆದರೆ ಆಮೇಲೆ ಪ್ರಿಪರೇಟರಿ, ವಾರ್ಷಿಕ ಪರೀಕ್ಷೆ, ಸಿಇಟಿ. ತಲೆ ಎತ್ತಿ ನೋಡುವಷ್ಟರಲ್ಲಿ ಮೇ. ಅಂಥವರು ಪರೀಕ್ಷೆಗಳು ಮುಗಿದ ಮೇಲೇ ಎಲ್‌ಎಲ್‌ಆರ್‌ಗೆ ಅರ್ಜಿ ಹಾಕಿ, ರಜೆಯಲ್ಲಿ ಕಲಿತು, ಎರಡನೇ ತಿಂಗಳಿಗೆ ಟೆಸ್ಟ್ ಸ್ಲಾಟ್ ತೆಗೆದುಕೊಳ್ಳುವುದು ಮೇಲು. ಸ್ಲಾಟ್ ಬೇಗ ಸಿಗದ ಊರುಗಳಿವೆ, ಐದನೇ ತಿಂಗಳವರೆಗೆ ಕಾಯಬೇಡಿ. ಟೆಸ್ಟಿನಲ್ಲಿ ಫೇಲಾದರೆ 7 ದಿನದ ನಂತರ ಮತ್ತೆ ಬರಬಹುದು. ಮೂರು ಸಲ ಫೇಲಾದರೆ 60 ದಿನ ಕಾಯಬೇಕು, ಆ ಲೆಕ್ಕಕ್ಕೂ ಆರು ತಿಂಗಳೊಳಗೆ ಜಾಗ ಇರಬೇಕಲ್ಲ.

ಟೆಸ್ಟಿನ ದಿನ ಎಲ್‌ಎಲ್‌ಆರ್, ಗಾಡಿಯ ಆರ್‌ಸಿ, ವಿಮೆ, ಹೊಗೆ ತಪಾಸಣೆ ಪ್ರಮಾಣಪತ್ರ, ಹೆಲ್ಮೆಟ್, ಎರಡೂ ಎಲ್ ಬೋರ್ಡ್ ಬೇಕು. ಹೊಗೆ ಸರ್ಟಿಫಿಕೇಟಿನ ದಿನಾಂಕ ಹಿಂದಿನ ರಾತ್ರಿಯೇ ನೋಡಿ, ಅದು ಮುಗಿದಿರುವುದು ಆರ್‌ಟಿಒ ಗೇಟಿನಲ್ಲಿ ಗೊತ್ತಾಗಬಾರದು. ಅಲ್ಲಿಯವರೆಗೆ ಗಾಡಿ ಓಡಿಸಿಕೊಂಡು ನೀವೊಬ್ಬರೇ ಹೋಗಬೇಡಿ. ಲೈಸೆನ್ಸ್ ಇರುವವರು ಜೊತೆಗಿರಲಿ, ವಾಪಸ್ ಬರುವಾಗಲೂ. ಟೆಸ್ಟ್ ಪಾಸಾಗಿದ್ದರೂ ಡಿಎಲ್ ಮಂಜೂರಾಗುವವರೆಗೆ ನೀವಿನ್ನೂ ಎಲ್ ಬೋರ್ಡಿನವರೇ.